ಬೆಂಗಳೂರಿನ ಖಾಸಗಿ ಯೂನಿವರ್ಸಿಟಿಯೋ, ಮಂಡ್ಯ–ಮೈಸೂರಿನ ಅನುದಾನಿತ ಸೀಟೋ?

ಯಾವ ಕಡೆ ವಾಲಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಇಟಿ ರ್‍ಯಾಂಕಿಗೆ ಮೈಸೂರಿನ ಎನ್‌ಐಇಯಲ್ಲೋ ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲೋ ಅನುದಾನಿತ ಸೀಟು (ಸರ್ಕಾರದ ಅನುದಾನವಿರುವ, ಶುಲ್ಕ ಕಡಿಮೆಯಿರುವ ಸೀಟು) ಸಿಗುವಂತಿದ್ದರೆ, ಅದೇ ಬ್ರಾಂಚಿಗೆಂದು ಬೆಂಗಳೂರಿನ ದುಬಾರಿ ಯೂನಿವರ್ಸಿಟಿಯ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಸುರಿಯುವುದು ದಂಡ. ಎನ್‌ಐಇ ಶುರುವಾದದ್ದು 1946ರಲ್ಲಿ, ಮಂಡ್ಯದ ಪಿಇಎಸ್ 1962ರಲ್ಲಿ. ಎರಡೂ ಸ್ವಾಯತ್ತ, ಡಿಗ್ರಿ ಮಾತ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು). ಗಾಜಿನ ಕಟ್ಟಡ, ಏಸಿ ಕ್ಲಾಸ್‌ರೂಮು ಬೇಕೆನ್ನುವವರಿಗೆ ಇಲ್ಲಿ ನಿರಾಸೆಯೇ.

ಅನುದಾನಿತ ಸೀಟಿನಲ್ಲಿ ಎಡವುವ ಜಾಗ ಒಂದೇ, ಅದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ಹಂತ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಟ್ಟಿಯಲ್ಲಿ ಇಂಥ ಕಾಲೇಜಿನ ಅನುದಾನಿತ ಸೀಟು ಬೇರೆ, ಅನುದಾನರಹಿತ ಸೀಟು ಬೇರೆ. ಕಾಲೇಜಿನ ಹೆಸರನ್ನಷ್ಟೇ ನೋಡಿ ಕ್ಲಿಕ್ ಮಾಡಿದರೆ ದುಬಾರಿಯದು ಮೇಲೆ ಕೂತುಬಿಡುತ್ತದೆ. ಕ್ಲಾಸು ಒಂದೇ, ಮೇಷ್ಟ್ರು ಅವರೇ, ಶುಲ್ಕ ಮಾತ್ರ ಬೇರೆ. ಅನುದಾನವಿರುವುದು ಹೆಚ್ಚಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ಬ್ರಾಂಚುಗಳಿಗೆ. ಎಐ-ಎಂಎಲ್ ಥರದ ಹೊಸ ಬ್ರಾಂಚೇ ಬೇಕೆಂದರೆ ಅನುದಾನದ ಆಸೆ ಬಿಡಬೇಕು. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದರೆ ಹೆಚ್ಚುವರಿ ಸೀಟುಗಳ) ಕೋಟಾವನ್ನು ಮರೆಯಬೇಡಿ, ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಇನ್ನು ಮೈಸೂರಿನ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜು 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದೊಳಗೆ ಸೇರಿದೆ. ಅದರ ಶುಲ್ಕವನ್ನು ಬೇರೆಯಾಗಿಯೇ ನೋಡಿಕೊಳ್ಳಿ, ಹಳೆಯ ಲೆಕ್ಕ ಹಿಡಿದು ಕೂರಬೇಡಿ.

ಈಗ ಬೆಂಗಳೂರಿನ ಕಡೆ ಬರೋಣ. ಅಲ್ಲಿ ನಿಜವಾಗಿ ತಲೆನೋವಾಗುವುದು ಶುಲ್ಕವಲ್ಲ, 'ಸೀಟ್ ಬ್ಲಾಕಿಂಗ್'. ಪಿಯುಸಿ ಫಲಿತಾಂಶ ಬಂದ ಕೂಡಲೇ ಫೋನು ಶುರು: ಈ ವಾರ ಕಟ್ಟಿದರೆ ಸ್ಕಾಲರ್‌ಶಿಪ್ ಉಂಟು, ಮುಂದಿನ ವಾರ ಕಂಪ್ಯೂಟರ್ ಸೈನ್ಸ್ ಭರ್ತಿ. ಆಗಿನ್ನೂ ಸಿಇಟಿ ರ್‍ಯಾಂಕೇ ಬಂದಿರುವುದಿಲ್ಲ. ಹೆದರಿದ ಅಪ್ಪ ಅಮ್ಮ ಮುಂಗಡ ಕಟ್ಟುತ್ತಾರೆ. ಕೆಇಎ ಸೀಟು ಹಂಚಿಕೆ ಮುಗಿಯುವುದರೊಳಗೆ ಎರಡನೇ ಕಂತು ಕೇಳುತ್ತಾರೆ, ಜೊತೆಗೆ ಮೂಲ ಅಂಕಪಟ್ಟಿ, ಟಿಸಿ ಕೊಡಿ ಅನ್ನುತ್ತಾರೆ. ಆಮೇಲೆ ಮೈಸೂರಿನಲ್ಲಿ ಒಳ್ಳೆಯ ಸೀಟು ಸಿಕ್ಕಿದಾಗ ದುಡ್ಡೂ ಅಲ್ಲಿ, ದಾಖಲೆಯೂ ಅಲ್ಲಿ.

ಇದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ನಿಯಮ ಮಾಡಿದೆ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು. ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ ವಾಪಸ್, ಪ್ರಕ್ರಿಯಾ ವೆಚ್ಚವೆಂದು ಹಿಡಿಯಬಹುದಾದದ್ದು ಹೆಚ್ಚೆಂದರೆ 5,000 ರೂಪಾಯಿ. ಕೊನೇ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ ಶೇ. 90. ಕೊನೇ ದಿನ ದಾಟಿ 15 ದಿನದವರೆಗೆ ಶೇ. 80, ಅಲ್ಲಿಂದ 30 ದಿನದವರೆಗೆ ಶೇ. 50, ಅದರಾಚೆ ಸೊನ್ನೆ. ಕೆಲವು ವರ್ಷ ಯುಜಿಸಿ ಇನ್ನೂ ಉದಾರ ಗಡುವು ಕೊಟ್ಟದ್ದುಂಟು, ಹಾಗಾಗಿ ಆ ವರ್ಷದ ಸುತ್ತೋಲೆಯನ್ನು ಒಮ್ಮೆ ತೆಗೆದು ನೋಡಿ.

ನಿಯಮ ಇಷ್ಟು ಸ್ಪಷ್ಟವಾಗಿದ್ದೂ ದುಡ್ಡು ಸಿಕ್ಕಿಹಾಕಿಕೊಳ್ಳುವುದೇಕೆ? ಒಂದು, ಆ 'ಕೊನೇ ದಿನ' ಯಾವುದೆಂದು ಯಾರೂ ಕೇಳಿಟ್ಟುಕೊಂಡಿರುವುದಿಲ್ಲ. ದುಡ್ಡು ಕಟ್ಟುವ ಮುಂಚೆಯೇ ಆ ತಾರೀಖನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಬೇಕು. ಎರಡು, ರಸೀದಿ. ಅದರಲ್ಲಿ 'ಬೋಧನಾ ಶುಲ್ಕ' ಎಂದಿರುವುದಕ್ಕೂ 'ನೋಂದಣಿ, ಹಿಂದಿರುಗಿಸುವುದಿಲ್ಲ' ಎಂದಿರುವುದಕ್ಕೂ ಅಜಗಜಾಂತರ. ಯೂನಿವರ್ಸಿಟಿಯ ಖಾತೆ ಬಿಟ್ಟು ಏಜೆಂಟನ ಫೋನ್‌ಪೇಗೆ ಹೋದ ದುಡ್ಡಿಗೆ ಯುಜಿಸಿ ನಿಯಮ ತೋರಿಸಿ ಪ್ರಯೋಜನವಿಲ್ಲ. ಮೂರು, ಸೀಟು ಬಿಡುತ್ತೇವೆಂದು ಬಾಯಲ್ಲಿ ಹೇಳಿ ಬರುವುದು. 'ಸರ್ ಊಟಕ್ಕೆ ಹೋಗಿದ್ದಾರೆ, ಸೋಮವಾರ ಬನ್ನಿ' ಅನ್ನಿಸಿಕೊಳ್ಳುವಷ್ಟರಲ್ಲಿ ಶೇ. 100 ಹೋಗಿ ಶೇ. 80 ಆಗಿರುತ್ತದೆ. ರಿಜಿಸ್ಟ್ರಾರ್‌ಗೆ ಇಮೇಲ್ ಕಳಿಸಿ, ಪ್ರತಿಯನ್ನು ರಿಜಿಸ್ಟರ್ ಪೋಸ್ಟಿಗೂ ಹಾಕಿ. ಅವರು ಜಗ್ಗದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ಕೊಡಿ. ಇಮೇಲಿನ ತಾರೀಖೇ ಅಲ್ಲಿ ಸಾಕ್ಷಿ.

ಸಾಲದ ವಿಷಯ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಎತ್ತಿದಿರಿ, ಬಡ್ಡಿ ಶೇ. 10.5 ಎಂದಿಟ್ಟುಕೊಳ್ಳೋಣ. ಓದಿನ ನಾಲ್ಕು ವರ್ಷ, ಮೇಲೊಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಸರಳ ಬಡ್ಡಿಯೇ 3.67 ಲಕ್ಷ ದಾಟುತ್ತದೆ. ಆ 13.67 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 18,400ಕ್ಕೂ ಮೇಲೆ ಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನ ಕೈಗೆ 30 ಸಾವಿರ ಬರುವಂತಿದ್ದರೆ, ಪಿಜಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೇನು, ನೀವೇ ಲೆಕ್ಕ ಹಾಕಿ.

ಮಂಡ್ಯದ ಕಡೆಯವರಿಗೆ ಇಲ್ಲೊಂದು ಹೆಚ್ಚುವರಿ ಫಜೀತಿ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ. 'ನಾಲೆ ಬಯಲಿನಲ್ಲಿ ಎರಡೆಕರೆ ಗದ್ದೆ ಇದೆಯಲ್ಲಾ ಸಾರ್' ಅಂದರೆ ಮ್ಯಾನೇಜರ್ ತಲೆಯಾಡಿಸುತ್ತಾರೆ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಶಿಕ್ಷಣ ಸಾಲಕ್ಕೆ ಅದನ್ನು ಹಿಡಿಯಲು ಬ್ಯಾಂಕುಗಳು ಹಿಂಜರಿಯುತ್ತವೆ. ದಾಖಲೆ ಸರಿಯಿರುವ ಮನೆಯೋ ಸೈಟೋ ಬೇಕು. ರೆವಿನ್ಯೂ ಸೈಟಿನ ಕಾಗದ ಹಿಡಿದು ಹೋದರೆ ಓಡಾಟವೇ ಬಂತು. ಅಡಮಾನವಿಲ್ಲದ ಶಿಕ್ಷಣ ಸಾಲಕ್ಕೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಿದೆ, ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಕಬ್ಬಿನ ಬಾಕಿ ಕಾರ್ಖಾನೆಯಿಂದ ಯಾವಾಗ ಬರುತ್ತದೋ ದೇವರೇ ಬಲ್ಲ, ಯೂನಿವರ್ಸಿಟಿಯ ಗಡುವು ಮಾತ್ರ ಕಾಯುವುದಿಲ್ಲ.

ಪ್ಲೇಸ್‌ಮೆಂಟ್‌ನಲ್ಲಿ ಬೆಂಗಳೂರು ಮುಂದಿದೆ, ಒಪ್ಪಿದೆ. ಕಂಪನಿ ಪಕ್ಕದಲ್ಲೇ ಇರುತ್ತದೆ, ಇಂಟರ್ನ್‌ಶಿಪ್ ಸಲೀಸು. ಆದರೆ ಬ್ಯಾನರಿನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜನ್ನು ಓದಿ ಏನೂ ತಿಳಿಯುವುದಿಲ್ಲ. ಆ ಬ್ರಾಂಚಿನಲ್ಲಿ ಸೇರಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಸಾಲಿನ ನಡುವಿನವನ ಸಂಬಳವೆಷ್ಟು, ಒಬ್ಬನಿಗೆ ಸಿಕ್ಕ ಮೂರು ಆಫರ್ ಮೂರೆಂದು ಎಣಿಕೆಯಾಗಿದೆಯೇ, ಇಷ್ಟನ್ನು ಕೇಳಿ. ಕಂಪ್ಯೂಟರ್ ಸೈನ್ಸಿಗೆ ಎಷ್ಟು ಸೆಕ್ಷನ್ ಅನ್ನುವುದನ್ನೂ ಕೇಳಿ. ಕಾಲೇಜಿನವರನ್ನು ಬಿಟ್ಟು, ಕೊನೇ ವರ್ಷದ ಹುಡುಗರನ್ನು ಗೇಟಿನಾಚೆಯ ಟೀ ಅಂಗಡಿಯಲ್ಲಿ ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಸ್ಕಾಲರ್‌ಶಿಪ್ ಅಂದರೆ ಷರತ್ತು ಓದಿ: ಮೊದಲ ವರ್ಷಕ್ಕಷ್ಟೇ ಇದ್ದೀತು, ಅಥವಾ ಸಿಜಿಪಿಎ ಇಳಿದರೆ ಹೋದೀತು.

ಓಡಾಟದಲ್ಲಿ ಹೋಲಿಕೆಯೇ ಇಲ್ಲ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ., ಮನೆಯಿಂದಲೇ ಹೋಗಿಬರಬಹುದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ.

ನಡುವಿನ ದಾರಿಯೂ ಒಂದಿದೆ. ಖಾಸಗಿ ಯೂನಿವರ್ಸಿಟಿಗಳ ಶೇ. 40 ಸೀಟು ಕೆಇಎ ಮೂಲಕವೇ ಹಂಚಿಕೆಯಾಗುತ್ತದೆ. ಶುಲ್ಕ ವಿಟಿಯು ಕಾಲೇಜಿಗಿಂತ ಜಾಸ್ತಿ, ಮ್ಯಾನೇಜ್‌ಮೆಂಟ್ ಸೀಟಿಗಿಂತ ಎಷ್ಟೋ ಕಡಿಮೆ. ಕಂಪ್ಯೂಟರ್ ಸೈನ್ಸೇ ಬೇಕು, ಮೈಸೂರಿನಲ್ಲಿ ಆ ರ್‍ಯಾಂಕಿಗೆ ಸಿಗುತ್ತಿಲ್ಲ, ಮನೆಯಲ್ಲಿ ಸಾಲವಿಲ್ಲದೆ ಕಟ್ಟುವ ಶಕ್ತಿಯಿದೆ ಎನ್ನುವವರು ಬೆಂಗಳೂರಿನ ಹೆಸರಿರುವ ಒಂದೆರಡನ್ನು ಅನುದಾನಿತ ಆಪ್ಷನ್‌ಗಳ ಕೆಳಗೆ ಹಾಕಿಕೊಳ್ಳಲಿ. ಮೊದಲ ಸುತ್ತಿನಲ್ಲಿ ಅದೇ ಬಂದರೆ ಛಾಯ್ಸ್ 1 (ಈ ಸೀಟೇ ಸಾಕೆಂಬ ಒಪ್ಪಿಗೆ) ಒತ್ತಬೇಡಿ, ಒತ್ತಿದರೆ ಅಲ್ಲಿಗೆ ಮುಗಿಯಿತು. ಛಾಯ್ಸ್ 2 ಕೊಟ್ಟರೆ ಸೀಟು ಕೈಯಲ್ಲಿರುತ್ತದೆ, ಮೇಲಿನ ಆಪ್ಷನ್‌ಗಳಿಗೂ ಮುಂದಿನ ಸುತ್ತಿನಲ್ಲಿ ಅವಕಾಶ ಉಳಿಯುತ್ತದೆ.