ಉಪಕರಣ ಯಾರ ಕೈಯಲ್ಲಿದೆ? ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೊಮ್ಮಗಳ ಏಳು ವರ್ಷ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಸಹಾಯಕನಾಗಿದ್ದವನು ನಾನು. ಅಲ್ಲಿ ದಿನವೂ ಕಾಣುತ್ತಿದ್ದ ಒಂದು ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಜಿನ ಸುತ್ತ ನಾಲ್ವರ ತಂಡ. ತಂತಿ ಜೋಡಿಸುವವರು, ತಿರುಪು ತಿರುಗಿಸುವವರು, ಲೋಲಕ ತೂಗಿಬಿಡುವವರು ಹುಡುಗರು. ರೀಡಿಂಗ್ ಬರೆದುಕೊಳ್ಳುವವಳು ಹುಡುಗಿ. ಹೀಗೆ ಮಾಡಿರೆಂದು ಯಾರೂ ಹೇಳಿದ್ದಿಲ್ಲ. ಅವಳ ಅಕ್ಷರ ದುಂಡಗಿದೆ ಎಂಬ ಕಾರಣವೊಂದು ಸದಾ ಸಿದ್ಧವಿರುತ್ತಿತ್ತು, ಅಷ್ಟೇ. ರೆಕಾರ್ಡ್ ಪುಸ್ತಕಕ್ಕೆ ಅವಳಿಗೆ ಪೂರ್ತಿ ಅಂಕ ಬರುತ್ತಿತ್ತು. ಪ್ರಾಯೋಗಿಕ ಪರೀಕ್ಷೆಯ ದಿನ ಒಬ್ಬಳೇ ಮೇಜಿನ ಮುಂದೆ ನಿಂತಾಗ ಕೈ ನಡುಗುತ್ತಿತ್ತು. ನಾನು ಇದನ್ನೆಲ್ಲ ನೋಡುತ್ತಲೇ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಮೊಮ್ಮಗಳನ್ನು ನಾಲ್ಕನೆಯ ತರಗತಿಗೆ ಸೇರಿಸುವಾಗ ಶಾಲೆ ನೋಡಿಬರುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣುಮಕ್ಕಳಿಗೆ ಮಾತ್ರವೇ ಇರುವ, ಹಾಸ್ಟೆಲ್ ಇಲ್ಲದ, ತನ್ನದೇ ಆಡಳಿತ ಮಂಡಳಿಯ ಕೈಕೆಳಗೆ ನಡೆಯುವ ಖಾಸಗಿ ಶಾಲೆ ಅದು. ಜೊತೆಗೆ ಬಂದಿದ್ದ ಪೋಷಕರು ಸಭಾಂಗಣವನ್ನೂ ಕಂಪ್ಯೂಟರ್ ಕೊಠಡಿಯನ್ನೂ ನೋಡಲು ಹೋದರು. ನಾನು ಪ್ರಯೋಗಾಲಯದ ಕಪಾಟು ತೆಗೆಸಿದೆ. ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜುಗಳ ಹಿಡಿಕೆಯ ಗೀರುಗಳು ಸವೆದು ನುಣುಪಾಗಿದ್ದವು. ತಂತಿಯ ವಿದ್ಯುತ್ ರೋಧ ಅಳೆಯುವ ಮೀಟರ್ ಬ್ರಿಜ್‌ನ ಹಲಗೆಯ ಮೇಲೆ ಶಾಯಿಯ ಕಲೆ. ಗಾಜಿನ ಹಿಂದೆ ಫಳಫಳ ಹೊಳೆಯುವ ಉಪಕರಣಗಳನ್ನು ನಾನು ಎಂದೂ ನಂಬಿದವನಲ್ಲ. ಸವೆದ ಉಪಕರಣವನ್ನು ಕೈಗಳು ಮುಟ್ಟಿರುತ್ತವೆ. ಇಲ್ಲಿ ಮುಟ್ಟಿದ ಕೈಗಳೆಲ್ಲ ಹುಡುಗಿಯರವು ಎಂಬುದು ಆಗ ಹೊಳೆಯಿತು. ಅಲ್ಲಿಯೇ ಅರ್ಜಿ ತುಂಬಿಕೊಟ್ಟೆ.

ಎಂಟನೆಯ ತರಗತಿಯಿಂದ ಮೇಜಿಗೆ ಇಬ್ಬರಂತೆ ಪ್ರಯೋಗ. ವಿಜ್ಞಾನದ ಶಿಕ್ಷಕಿಯದು ಒಂದೇ ನಿಯಮ: ಮೊದಲ ಸಲ ಬರೆದವಳು ಎರಡನೆಯ ಸಲ ಉಪಕರಣ ಹಿಡಿಯಬೇಕು. ಬರೆಯುವ ಕೆಲಸವೂ ಸರದಿ, ಹಿಡಿಯುವ ಕೆಲಸವೂ ಸರದಿ. ಇಷ್ಟು ಸಣ್ಣ ನಿಯಮವನ್ನು ನಾನು 31 ವರ್ಷಗಳಲ್ಲಿ ಒಮ್ಮೆಯೂ ಹಾಕಲಿಲ್ಲವಲ್ಲ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಅದೇ ವರ್ಷ ಅವಳು ಮನೆಯ ಬಾಗಿಲ ಚೌಕಟ್ಟಿಗೆ ಒಂದು ಮೀಟರ್ ದಾರ ಕಟ್ಟಿ, ತುದಿಗೆ ಗುಂಡು ತೂಗಿಬಿಟ್ಟು ಲೋಲಕ ಮಾಡಿದಳು. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿಬರಲು ಹೆಚ್ಚುಕಡಿಮೆ ಎರಡು ಸೆಕೆಂಡು ಬೇಕು. 20 ಆಂದೋಲನಕ್ಕೆ 40 ಸೆಕೆಂಡು ಬರಬೇಕಿತ್ತು. ಅವಳಿಗೆ ಬಂದದ್ದು 38. ಮತ್ತೆ ಮಾಡಿದರೂ 38. ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು, ನಾಲಿಗೆ ತುದಿಯವರೆಗೂ ಬಂದಿತ್ತು, ಹೇಳಲಿಲ್ಲ. ಅವಳು ದಾರ ಅಳೆದಳು, ಗುಂಡನ್ನು ಬದಲಿಸಿದಳು, ಗಡಿಯಾರವನ್ನು ಶಂಕಿಸಿದಳು. ಮರುದಿನ ಸಂಜೆ ಶಾಲೆಯಿಂದ ಬಂದವಳೇ, ಚೀಲ ಇನ್ನೂ ಹೆಗಲ ಮೇಲಿರುವಾಗಲೇ, “ಅಜ್ಜ, ಗುಂಡು ಬಿಡುವಾಗ ನಾನು ‘ಒಂದು’ ಎನ್ನುತ್ತಿದ್ದೆ. ‘ಸೊನ್ನೆ’ ಎನ್ನಬೇಕಿತ್ತು. ನಾನು ಎಣಿಸಿದ್ದು 19 ಮಾತ್ರ” ಎಂದಳು. ಯಾರು ಹೇಳಿಕೊಟ್ಟರೆಂದು ಕೇಳಿದೆ. ಯಾರೂ ಇಲ್ಲ, ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು ಎಂದಳು. ಈ ಶಾಲೆಗೆ ನಾನು ಕೊಡುವ ಅಂಕದಲ್ಲಿ ದೊಡ್ಡ ಪಾಲು ಈ 38 ಸೆಕೆಂಡಿನದು.

ವಾರ್ಷಿಕೋತ್ಸವದ ನಾಟಕದಲ್ಲಿಯೂ ಇದೇ ರೀತಿ. ರಾಜ, ಕಾವಲುಗಾರ, ಮುದುಕ ಎಲ್ಲರೂ ಹುಡುಗಿಯರು. ಏಣಿ ಹತ್ತಿ ದೀಪ ಕಟ್ಟಿದವರೂ, ರಂಗಸಜ್ಜಿಕೆಗೆ ಹಲಗೆ ಕೊಯ್ದು ಮೊಳೆ ಹೊಡೆದವರೂ, ಧ್ವನಿವರ್ಧಕ ಕೆಟ್ಟಾಗ ಓಡಿಹೋಗಿ ತಂತಿ ಸರಿಮಾಡಿದವಳೂ. ಬೇರೆ ಯಾರಾದರೂ ಮಾಡಲಿ ಎನ್ನಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ. ಆಟೋಟ ಸಾಧಾರಣ, ಮೈದಾನ ಚಿಕ್ಕದು. ಗ್ರಂಥಾಲಯ ಚೆನ್ನಾಗಿದೆ, ಆದರೆ ವಾರಕ್ಕೆ ಒಂದೇ ಪುಸ್ತಕ ಕೊಡುತ್ತಾರೆ.

ಒಂಬತ್ತನೆಯ ತರಗತಿಯ ಚರಿತ್ರೆಯ ಪ್ರಾಜೆಕ್ಟಿಗೆ ಅವಳು ಹೆಣ್ಣುಮಕ್ಕಳ ಶಾಲೆಗಳ ಕಥೆಯನ್ನೇ ಆರಿಸಿಕೊಂಡು ನನಗೆ ಓದಿ ಹೇಳಿದಳು. ಫ್ರಾನ್ಸಿಸ್ ಮೇರಿ ಬಸ್ ಎಂಬಾಕೆ 1850ರಲ್ಲಿ ಲಂಡನ್ನಿನಲ್ಲಿ ಹುಡುಗಿಯರಿಗೆ ಶಾಲೆ ತೆರೆದರು. 1863ರಲ್ಲಿ ಕೇಂಬ್ರಿಜ್‌ನ ವಿಶ್ವವಿದ್ಯಾಲಯ ಶಾಲಾಮಕ್ಕಳಿಗೆ ನಡೆಸುತ್ತಿದ್ದ ‘ಸ್ಥಳೀಯ ಪರೀಕ್ಷೆ’ಗೆ ಹುಡುಗಿಯರನ್ನು ಪ್ರಯೋಗಾರ್ಥವಾಗಿ ಕೂರಿಸಿದಾಗ ಆಕೆಯ ವಿದ್ಯಾರ್ಥಿನಿಯರೂ ಬರೆದರು. ಹಿರಿಯ ಹುಡುಗಿಯರಲ್ಲಿ ಬಹುಪಾಲು ಮಂದಿ ಅಂಕಗಣಿತದಲ್ಲಿ ಅನುತ್ತೀರ್ಣರಾದರು. ಹೆಣ್ಣಿಗೆ ಲೆಕ್ಕ ಹತ್ತದು ಎನ್ನುವವರಿಗೆ ಹಬ್ಬವಾಗಬೇಕಿದ್ದ ಸುದ್ದಿ. ಆಕೆ ಅಂಕಗಣಿತ ಕಲಿಸುವ ಕ್ರಮವನ್ನೇ ಬದಲಿಸಿದರು. ಪರೀಕ್ಷೆ ಹುಡುಗಿಯರಿಗೆ ಅಧಿಕೃತವಾಗಿ ತೆರೆದುಕೊಂಡ 1865ರ ಹೊತ್ತಿಗೆ ಅದೇ ವಿಷಯದಲ್ಲಿ ಸೋತವರು ಬಹಳ ಕಡಿಮೆ. “ಎರಡು ವರ್ಷದಲ್ಲಿ ಮಿದುಳು ಬದಲಾಗಲಿಲ್ಲವಲ್ಲ, ಅಜ್ಜ?” ಎಂದು ಕೇಳಿದಳು. ನನಗೆ ನನ್ನ ನಾಲ್ವರ ತಂಡಗಳು ನೆನಪಾದವು.

ಹಾಗೆಂದು ಹೆಣ್ಣುಮಕ್ಕಳ ಶಾಲೆ ಎಂಬ ಫಲಕವೇ ಪವಾಡ ಮಾಡುತ್ತದೆ ಎಂದು ನಾನು ಹೇಳಲಾರೆ. ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ಹುಡುಗಿಯರ ಶಾಲೆಗಳಲ್ಲಿ ಓದಿದವರು ಮುಂದೆ ಭೌತಶಾಸ್ತ್ರ ಆರಿಸಿಕೊಳ್ಳುವ ಸಾಧ್ಯತೆ ಸಹಶಿಕ್ಷಣದ ಶಾಲೆಗಳ ಹುಡುಗಿಯರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಓದಿದಾಗ ಎದೆಯುಬ್ಬಿತು. ಆದರೆ 21 ದೇಶಗಳ 184 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು ಬೇರೆ ಮಾತು ಹೇಳುತ್ತದೆ: ಮನೆಯ ಸ್ಥಿತಿಗತಿ, ಮೊದಲಿನ ಕಲಿಕೆ ಇವುಗಳನ್ನು ಸರಿದೂಗಿಸಿ ಎಚ್ಚರದಿಂದ ಮಾಡಿದ ಅಧ್ಯಯನಗಳಲ್ಲಿ ಎರಡು ಬಗೆಯ ಶಾಲೆಗಳ ನಡುವಣ ವ್ಯತ್ಯಾಸ ಅತ್ಯಲ್ಪ. ಪ್ರಯೋಗಾಲಯದವನಾಗಿ ನಾನು ಎರಡನೆಯದನ್ನು ತಳ್ಳಿಹಾಕಲಾರೆ. ಶುಲ್ಕ ಕಟ್ಟಬಲ್ಲ, ಮಗಳ ಓದಿನ ಬಗ್ಗೆ ಆಸ್ಥೆಯುಳ್ಳ ಮನೆಗಳಿಂದಲೇ ಇಂಥ ಶಾಲೆಗೆ ಮಕ್ಕಳು ಬರುತ್ತಾರೆ. ಒಳ್ಳೆಯ ಫಲಿತಾಂಶದಲ್ಲಿ ಆ ಮನೆಗಳ ಪಾಲೂ ಇದೆ. ಸರದಿಯ ನಿಯಮ ಹಾಕಿದ್ದು ಫಲಕವಲ್ಲ, ಒಬ್ಬ ಶಿಕ್ಷಕಿ. ಆಕೆ ಸಹಶಿಕ್ಷಣದ ಶಾಲೆಯಲ್ಲಿದ್ದರೂ ಹಾಕಬಹುದಿತ್ತು.

ಇನ್ನು ನೋವಿನ ವಿಷಯ. ಹುಡುಗಿಯರೇ ಇರುವ ಕಡೆ ಕಾಟ ಇರುವುದಿಲ್ಲವೆಂದು ನಂಬಿದ್ದೆ. ಏಳನೆಯ ತರಗತಿಯಲ್ಲಿ ಅವಳ ಐವರು ಗೆಳತಿಯರು ಒಂದು ದಿನ ಅವಳನ್ನು ಮೊಬೈಲ್ ಗುಂಪಿನಿಂದ ತೆಗೆದುಹಾಕಿದರು. ಮರುದಿನದಿಂದ ಊಟದ ಹೊತ್ತಿಗೆ ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ತೋರಿಸಲು ಗಾಯವಿಲ್ಲ. ಗೇಟಿನಿಂದ ಅವಳು ಎಲ್ಲರಿಗಿಂತ ಕೊನೆಗೆ ಒಬ್ಬಳೇ ಬರುವುದನ್ನು ದಿನವೂ ನೋಡುತ್ತಿದ್ದ ನನಗೆ ಅನುಮಾನ ಬಂತು. ತರಗತಿಯ ಶಿಕ್ಷಕಿಗೆ ಹೇಳಿದಾಗ, “ಮಕ್ಕಳ ಜಗಳ, ತಾನಾಗಿ ಸರಿಹೋಗುತ್ತದೆ” ಎಂದರು. ಹೋಗಲಿಲ್ಲ. ಆರು ವಾರಗಳ ಮೇಲೆ ಅವಳ ಅಮ್ಮ ಮುಖ್ಯೋಪಾಧ್ಯಾಯಿನಿಗೆ ಪತ್ರ ಬರೆದ ನಂತರವೇ ಆಪ್ತ ಸಮಾಲೋಚಕಿ ಆರೂ ಮಕ್ಕಳೊಡನೆ ಬೇರೆಬೇರೆಯಾಗಿ ಕುಳಿತು ಮಾತನಾಡಿದರು. ಆಮೇಲೆ ಪ್ರತಿ ವಾರ ಎಲ್ಲರ ಜಾಗ ಬದಲಿಸುವ ಕ್ರಮ ಬಂತು, ಗುಂಪು ಸಡಿಲವಾಯಿತು. ಸಮಾಲೋಚಕಿಯ ಕೆಲಸ ಅಚ್ಚುಕಟ್ಟು. ಆದರೆ ಆ ಆರು ವಾರಗಳನ್ನು ನಾನು ಶಾಲೆಗೆ ಕ್ಷಮಿಸಿಲ್ಲ. ಹನ್ನೆರಡು ವರ್ಷದ ಮಗುವಿಗೆ ಆರು ವಾರ ಎಂದರೆ ಸಣ್ಣ ಅವಧಿಯಲ್ಲ.

ಹಾಸ್ಟೆಲ್ ಇಲ್ಲದಿದ್ದುದು ಆಗ ನಮ್ಮ ಅದೃಷ್ಟ. ಸಂಜೆ ಮನೆಗೆ ಬರುತ್ತಿದ್ದಳು, ಮುಖ ನೋಡಿದರೆ ತಿಳಿಯುತ್ತಿತ್ತು. ಅದೇ ಮನೆಗೆ ಶಾಲೆಯೂ ಅವಳ ಹಿಂದೆಯೇ ಬರುತ್ತಿತ್ತು ಎಂಬುದು ಇನ್ನೊಂದು ದೂರು. ಪ್ರತಿ ವಿಷಯದ ಶಿಕ್ಷಕಿಯೂ ತನ್ನದೊಂದೇ ವಿಷಯ ಎಂಬಂತೆ ಮನೆಗೆಲಸ ಕೊಡುತ್ತಿದ್ದರು. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ.

ಸ್ವತಂತ್ರ ಆಡಳಿತಕ್ಕೂ ಎರಡು ಮುಖ. ವಾರಕ್ಕೆ ಎರಡು ಹೆಚ್ಚಿನ ಪ್ರಯೋಗದ ಅವಧಿ ಕೊಡಲು ಅವರು ಹೊರಗಿನ ಯಾರನ್ನೂ ಕೇಳಬೇಕಿರಲಿಲ್ಲ. ವರ್ಷದ ನಡುವೆ ಶುಲ್ಕ ಏರಿಸಿ, ಲೆಕ್ಕ ಕೊಡದೆ ಎರಡು ಸಾಲಿನ ಪತ್ರ ಕಳುಹಿಸಿದಾಗಲೂ ಕೇಳಬೇಕಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿ ಇದ್ದಾರೆಯೇ, ವಾರ್ಷಿಕ ಲೆಕ್ಕಪತ್ರ ತೋರಿಸುತ್ತಾರೆಯೇ ಎಂದು ಸೇರಿಸುವ ಮುಂಚೆಯೇ ವಿಚಾರಿಸಿ. ನಾನು ವಿಚಾರಿಸಿರಲಿಲ್ಲ. ಜೊತೆಗೆ ಪ್ರಯೋಗಾಲಯದ ಕಪಾಟು ತೆರೆಸಿ ನೋಡಿ. ಮಗುವೊಂದು ಒಂಟಿಯಾದರೆ ಮೊದಲ ವಾರದಲ್ಲಿ ಯಾರು ಏನು ಮಾಡುತ್ತಾರೆ ಎಂದು ಕೇಳಿ, ಉತ್ತರಿಸುವವರ ಮುಖವನ್ನೂ ಗಮನಿಸಿ. ಈ ಶಾಲೆಯನ್ನು ಶಿಫಾರಸು ಮಾಡುತ್ತೀರಾ ಎಂದರೆ, ಹೌದು. ಇನ್ನೊಬ್ಬ ಮೊಮ್ಮಗಳಿದ್ದರೆ ಅವಳನ್ನೂ ಇಲ್ಲಿಗೇ ಸೇರಿಸುತ್ತಿದ್ದೆ, ದಿನವೂ ಗೇಟಿನ ಬಳಿ ನಿಂತು ಅವಳ ಮುಖವನ್ನು ಓದುತ್ತಿದ್ದೆ.

ಈ ವರ್ಷ ಅವಳು ಹುಡುಗರೂ ಇರುವ ಕಾಲೇಜಿಗೆ ಸೇರಿದ್ದಾಳೆ. ಹುಡುಗರ ನಡುವೆ ಕುಗ್ಗಿಹೋದಾಳೇ ಎಂಬ ಅಂಜಿಕೆ ಮನೆಯವರಿಗೆಲ್ಲ ಇತ್ತು. ಮೊದಲ ಪ್ರಯೋಗದ ದಿನ ಬಂದವಳು ಮೀಟರ್ ಬ್ರಿಜ್‌ನಲ್ಲಿ ಸಮತೋಲನ ಬಿಂದು 47.3 ಸೆಂಟಿಮೀಟರಿಗೆ ಸಿಕ್ಕಿತು, ತಂತಿಯ ತುದಿ ಸಡಿಲವಿತ್ತು, ತಾನೇ ಬಿಗಿಮಾಡಿದೆ ಎಂದಷ್ಟೇ ಹೇಳಿದಳು. ರೀಡಿಂಗ್ ಪುಸ್ತಕ ಯಾರ ಬಳಿ ಇತ್ತು ಎಂದು ನಾನೇ ಕೇಳಬೇಕಾಯಿತು. ಅಂಥದ್ದನ್ನೂ ಕೇಳುತ್ತಾರೆಯೇ ಎಂಬಂತೆ ನನ್ನನ್ನು ನೋಡಿದಳು.

“ಸರದಿಯ ಪ್ರಕಾರ, ಅಜ್ಜ” ಎಂದಳು.