ಗೂಗಲ್ ಅರ್ಥ್ ಎಂಜಿನ್: ಗದ್ದೆಗೆ ಸೈ, ಕಾಫಿ ತೋಟಕ್ಕೆ ಅಲ್ಲ

ಕೃಷಿ ಹೊಂಡ, ಪಾಳುಗದ್ದೆಯ ಮರುಬೇಸಾಯ, ಕಾಫಿ ಮರುನಾಟಿ ಎಂದು ಸಹಾಯಧನ ಕೊಟ್ಟದ್ದಾಯಿತು, ಅದರಿಂದ ನೆಲದ ಮೇಲೆ ಏನಾಯಿತು? ಇದನ್ನು ಉಪಗ್ರಹ ಚಿತ್ರದಿಂದ ಅಳೆಯಲು ಹೊರಟವರಿಗೆ ಸದ್ಯ ಗೂಗಲ್ ಅರ್ಥ್ ಎಂಜಿನ್‌ನಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಸೆಂಟಿನೆಲ್, ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳೆಲ್ಲ ಅದರ ಸರ್ವರ್‌ನಲ್ಲೇ ಕೂತಿವೆ. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಲೆಕ್ಕವೂ ಅಲ್ಲೇ ನಡೆಯುತ್ತದೆ. ಮಳೆಗಾಲದ ಮಡಿಕೇರಿ ಇಂಟರ್‌ನೆಟ್‌ಗೆ ಇದು ದೊಡ್ಡ ಉಪಕಾರ. ಲಾಭದ ಉದ್ದೇಶವಿಲ್ಲದ ಬಳಕೆಗೆ ಉಚಿತ, ಆದರೆ ಗೂಗಲ್ ಕ್ಲೌಡ್‌ನಲ್ಲಿ ಒಂದು ಪ್ರಾಜೆಕ್ಟ್ ನೋಂದಾಯಿಸಲೇಬೇಕು. ಇಸ್ರೋದ ಭುವನ್ ನಕ್ಷೆ ನೋಡಲು ಚೆನ್ನಾಗಿದೆ; ವರ್ಷವರ್ಷದ ಲೆಕ್ಕ ಹಾಕಲು ಇದೇ ಬೇಕು.

ಕಾಫಿಯ ಮಾತು ಮೊದಲು ಮುಗಿಸೋಣ. ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕ ನಮ್ಮ ಕೊಡಗಿನ ತೋಟದಲ್ಲಿ ಅಳೆಯುವುದು ಮೇಲಿನ ಸಿಲ್ವರ್ ಓಕ್, ಹಲಸು, ಅತ್ತಿಯ ಎಲೆಗಳನ್ನು. ಕೆಳಗಿನ ಕಾಫಿ ಗಿಡ ಕಾಯಿ ಕಟ್ಟಿದೆಯೋ, ಅದಕ್ಕೆ ಕಾಂಡಕೊರಕ ಹಿಡಿದಿದೆಯೋ ಅದಕ್ಕೆ ತಿಳಿಯದು. ಸಿದ್ಧ ಭೂಬಳಕೆ ನಕ್ಷೆಗಳಲ್ಲೂ ನೆರಳಿನ ಕಾಫಿ ಬಹುಮಟ್ಟಿಗೆ 'ಮರದ ಹೊದಿಕೆ' ಎಂದೇ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಫಲಿತಾಂಶ ತಲೆಕೆಳಗಾಗುವುದು. ಹೊತ್ತಿಗೆ ಸರಿಯಾಗಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿದವನ ತೋಟ ಚಿತ್ರದಲ್ಲಿ 'ಕುಸಿದಿದೆ', ಕತ್ತಿ ಮುಟ್ಟದವನದ್ದು 'ಸುಧಾರಿಸಿದೆ'. ಮರುನಾಟಿಯಲ್ಲೂ ಹಾಗೇ: ಹಳೆ ಗಿಡ ಕಿತ್ತು ನೆರಳು ತೆಗೆದ ಮೇಲೆ ಕೆಲವು ವರ್ಷ ಸೂಚ್ಯಂಕ ಕೆಳಗೇ ಇರುತ್ತದೆ. ಎರಡೇ ವರ್ಷಕ್ಕೆ ಮೌಲ್ಯಮಾಪನ ಮಾಡಿದರೆ ಯೋಜನೆ ತೋಟವನ್ನೇ ಹಾಳುಮಾಡಿತೆಂದು ವರದಿ ಬರುತ್ತದೆ. ಕಾಫಿಗೆ ಕುಯ್ಲಿನ ತೂಕದ ಲೆಕ್ಕವೇ ಸರಿ.

ಗದ್ದೆಯಲ್ಲಿ ಈ ಸಾಧನ ತನ್ನ ಬೆಲೆ ತೋರಿಸುತ್ತದೆ. ನಾಟಿ ನಡೆಯುವ ಜುಲೈ, ಆಗಸ್ಟ್‌ನಲ್ಲಿ ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಬಂದರೂ ಸಿಗುವುದು ಬರೀ ಮೋಡ. ಹಾಗಾಗಿ ಮೋಡ ತೂರಿ ನೋಡುವ ಸೆಂಟಿನೆಲ್-1 ರೇಡಾರ್ ತೆಗೆದುಕೊಳ್ಳಿ, ಅದರಲ್ಲಿ ವಿಎಚ್ (ಲಂಬವಾಗಿ ಕಳಿಸಿ ಅಡ್ಡವಾಗಿ ಹಿಡಿದ) ಸಂಕೇತವನ್ನು ನೋಡಿ. ನೀರು ನಿಲ್ಲಿಸಿ ಉತ್ತಾಗ ಸಂಕೇತ ಧಡಕ್ಕನೆ ಬೀಳುತ್ತದೆ; ಪೈರು ಎದ್ದಂತೆ ಮುಂದಿನ ವಾರಗಳಲ್ಲಿ ಏರುತ್ತದೆ. ಬಿದ್ದು ಎದ್ದರೆ ಭತ್ತ. ಕಾಡುಹುಲ್ಲು ಬೆಳೆದ ಪಾಳುಗದ್ದೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಮಳೆನೀರು ನಿಂತ ಪಾಳುಗದ್ದೆಯೂ ಒಮ್ಮೊಮ್ಮೆ ಬೀಳುತ್ತದೆ, ಆದ್ದರಿಂದ ಏರಿಕೆಯನ್ನೂ ನೋಡದೆ ಎಣಿಸಬೇಡಿ. ಶುಂಠಿ ಹಾಕಿದ ಗದ್ದೆಯೂ ಪಾಳಲ್ಲ, ಆದರೆ ಭತ್ತದ ಯೋಜನೆಯ ಯಶಸ್ಸೂ ಅಲ್ಲ. ಅದರ ಏರುಮಡಿಗಳು ಮುಂಗಾರಿಗೆ ಮೊದಲೇ ಆಗಿರುತ್ತವೆ, ನಾಟಿಯ ಆ ಕುಸಿತ ಕಾಣುವುದಿಲ್ಲ. ಬೆಟ್ಟದ ಇಳಿಜಾರಿನಿಂದ ರೇಡಾರ್‌ಗೆ ಆಗುವ ಏರುಪೇರನ್ನು ಅರ್ಥ್ ಎಂಜಿನ್ ತಾನಾಗಿ ಸರಿಪಡಿಸಿ ಕೊಡುವುದಿಲ್ಲ. ಉಪಗ್ರಹ ಉತ್ತರಕ್ಕೆ ಹೋಗುವ ಏರುಪಥ, ದಕ್ಷಿಣಕ್ಕೆ ಬರುವ ಇಳಿಪಥದ ಚಿತ್ರಗಳನ್ನು ಬೆರೆಸದೆ ಒಂದೇ ಪಥದವನ್ನು ಹೋಲಿಸಿ. ಕಿರಿದಾದ ಕಣಿವೆಗದ್ದೆಯಲ್ಲಿ ಅಂಚಿನ ಒಂದು ಸಾಲು ಚೌಕಗಳನ್ನು (ಚಿತ್ರದ ಪಿಕ್ಸೆಲ್) ಬಿಟ್ಟು ಒಳಗಿನವುಗಳ ಸರಾಸರಿ ತೆಗೆಯಿರಿ.

ಹೊಂಡದ ಕಥೆ ಬೇರೆ. 21 ಮೀಟರ್ ಚದರದ ಹೊಂಡವೆಂದರೆ 441 ಚದರ ಮೀಟರ್, ಸೆಂಟಿನೆಲ್-2ರ ಒಂದು ಚೌಕ 100. ನಾಲ್ಕು ಚೌಕ ಸಿಕ್ಕಬೇಕಲ್ಲ ಎನ್ನಬಹುದು. ಆದರೆ ಹೊಂಡ ಚೌಕಗಳ ಗೆರೆಗೆ ಸರಿಯಾಗಿ ಕೂರುವುದು ಅಪರೂಪ, ಪೂರ್ತಿ ನೀರಿನೊಳಗೆ ಬೀಳುವುದು ಸಾಮಾನ್ಯವಾಗಿ ಒಂದೇ ಚೌಕ. ನೀರು ಗುರುತಿಸಲು ಹಲವರು ಬಳಸುವ ಬಿ11 ಎಂಬ ಬೆಳಕಿನ ಪಟ್ಟಿಯ (ಬ್ಯಾಂಡ್) ಚೌಕ 20 ಮೀಟರಿನದು, ಅದರಲ್ಲಿ ಹೊಂಡ ಮಾಯ. ಬಿ3 (ಹಸಿರು), ಬಿ8 (ಅವಕೆಂಪು) ಎರಡೂ 10 ಮೀಟರಿನವು, ಅವನ್ನೇ ಬಳಸಿ. ಫೆಬ್ರವರಿ, ಮಾರ್ಚ್‌ನ ತಿಳಿ ಆಕಾಶದ ಚಿತ್ರ ಸಾಕು. ಕಾಫಿ ಹೂವರಳಿಸುವ ಹೂಮಳೆಗೆ ಮೊದಲು ಹೊಂಡದಲ್ಲಿ ನೀರು ಉಳಿದಿದೆಯೇ ಎಂಬುದೇ ತಾನೆ ಪ್ರಶ್ನೆ? ತೋಟದೊಳಗೆ ಮರದಡಿಯ ಹೊಂಡವನ್ನು ಪಟ್ಟಿಯಿಂದ ಬಿಡಿ.

ಮೊದಲ ಸಲ ಬಳಸುವವರು ಖಂಡಿತ ಎಡವುವ ಕಲ್ಲೊಂದಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಅಂಕಿಗಳಿಗೆ 1000 ಸೇರಿಸಿ ಕೊಡಲಾಗುತ್ತಿದೆ. ಕೆಂಪು 400, ಅವಕೆಂಪು 3400 ಇದ್ದರೆ ಎನ್‌ಡಿವಿಐ, ಅಂದರೆ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು, 0.79. ಅದೇ ಗದ್ದೆ, ಅದೇ ಹಸಿರು, 1400 ಮತ್ತು 4400 ಆದಾಗ 0.52. ಯೋಜನೆ 2022ರಲ್ಲಿ ಶುರುವಾಗಿದ್ದರೆ ಇಡೀ ಜಿಲ್ಲೆ ಒಣಗಿದಂತೆ ಕಾಣುತ್ತದೆ. 'ಹಾರ್ಮೊನೈಸ್ಡ್' ಎಂಬ ಹೆಸರಿನ ಸಂಗ್ರಹ ಆರಿಸಿದರೆ ಸಮಸ್ಯೆ ಮುಗಿಯಿತು. ಮೋಡ ತೆಗೆಯಲು ಹಳೆಯ ಕ್ಯೂಎ60 ಪಟ್ಟಿ ನೆಚ್ಚಬೇಡಿ, ಪ್ರತಿ ಚೌಕ ಎಷ್ಟು ತಿಳಿಯಾಗಿದೆ ಎಂದು ಅಂಕ ಕೊಡುವ ಕ್ಲೌಡ್ ಸ್ಕೋರ್ ಪ್ಲಸ್‌ನಲ್ಲಿ 0.60 ಮಿತಿಯಿಂದ ಶುರುಮಾಡಿ.

ಹೋಲಿಕೆ ಹೇಗೆ? ಯೋಜನೆ ಬಂದ ಊರಿನ ಏರಿಳಿತದಿಂದ ಬಾರದ ಊರಿನ ಏರಿಳಿತ ಕಳೆಯಬೇಕು. ಯೋಜನೆ ಬರುವ ಮುನ್ನ ಮೂರು ವರ್ಷವಾದರೂ ಎರಡೂ ಜೊತೆಜೊತೆಗೆ ಸಾಗಿದ್ದವೇ ನೋಡಬೇಕು. ಕುಶಾಲನಗರದ ಕಡೆಯ ಊರಿಗೆ ಭಾಗಮಂಡಲದ ಊರು ಜೋಡಿಯಲ್ಲ, ಮಳೆಯೇ ಬೇರೆ. ಮಳೆ ವ್ಯತ್ಯಾಸ ಕಳೆಯಲು ಚಿರ್ಪ್ಸ್ ಎಂಬ ಮಳೆ ಅಂದಾಜಿನ ಮಾಹಿತಿ ಇದೆ, ಆದರೆ ಅದರ ಚೌಕ ಸುಮಾರು 5 ಕಿಲೋಮೀಟರ್. ಒಂದು ಬೆಟ್ಟದ ಆಚೀಚೆಯ ಅಂತರ ಅದಕ್ಕೆ ಸಿಗದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಮಕ್ಕಂದೂರು, ಜೋಡುಪಾಲದ ಕಡೆಯ ಊರುಗಳನ್ನು ಆ ವರ್ಷ ದಾಟುವ ಹೋಲಿಕೆಗೆ ಸೇರಿಸಲೇಬೇಡಿ. ಆನೆ ಕಾಟಕ್ಕೆ ಗದ್ದೆ ಬಿಟ್ಟವರನ್ನೂ ಉಪಗ್ರಹ ಬೇರೆಯಾಗಿ ಗುರುತಿಸದು, ಅದನ್ನು ಊರಲ್ಲೇ ಕೇಳಬೇಕು. ಹನ್ನೆರಡು ಊರಿನಿಂದ ಐದು ಸಾವಿರ ಚೌಕ ತೆಗೆದರೆ ಕೈಯಲ್ಲಿರುವುದು ಹನ್ನೆರಡು ಊರಿನ ಸಾಕ್ಷ್ಯವೇ, ಐದು ಸಾವಿರದ್ದಲ್ಲ.

ಗದ್ದೆಯ ಗಡಿಗೆ ರಾಜ್ಯ ಸರ್ಕಾರದ ದಿಶಾಂಕ್ ಆಪ್‌ನ ಸರ್ವೆ ನಂಬರ್ ನೋಡಿಕೊಳ್ಳಬಹುದು. ಆದರೆ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನಲ್ಲಿ ಪಹಣಿ ಹಲವೆಡೆ ಪಟ್ಟೇದಾರರ ಹೆಸರಲ್ಲಿ, ಉಳುಮೆ ಒಕ್ಕದ (ಕುಲದ) ಬೇರೆಬೇರೆ ಮನೆಗಳದ್ದು. ಒಂದೇ ಸರ್ವೆ ನಂಬರಿನಲ್ಲಿ ಸಹಾಯಧನ ಪಡೆದವರೂ ಪಡೆಯದವರೂ ಇರುತ್ತಾರೆ. ಫಲಾನುಭವಿಯ ಗದ್ದೆಯ ಸುತ್ತ ಜಿಪಿಎಸ್ ಹಿಡಿದು ಬದುವಿನ ಮೇಲೆ ನಡೆದೇ ಗಡಿ ಗುರುತಿಸಬೇಕು. ಗದ್ದೆ ಒಣಗಿರುವ ಜನವರಿ, ಫೆಬ್ರವರಿಯಲ್ಲಿ ಈ ಕೆಲಸ ಸಲೀಸು.