ವ್ಯಾನ್ ಓಡುವಾಗ ಎರಡನೇ ಬ್ಯಾಟರಿ ತುಂಬಿಸುವ 30 ಆಂಪ್ ಚಾರ್ಜರ್: ಎಂಟು ತಿಂಗಳು ಬಳಸಿದ ಮೇಲೆ

ನಾನು ಮರಗೆಲಸ ಮಾಡುತ್ತೇನೆ. ಹೊಸ ಕಟ್ಟಡಗಳಲ್ಲಿ ಎಷ್ಟೋ ಸಲ ನಾವು ಹೋಗುವ ಹೊತ್ತಿಗೆ ಕರೆಂಟೇ ಬಂದಿರುವುದಿಲ್ಲ. ಅದಕ್ಕೆ ವ್ಯಾನಿನ ಹಿಂದೆ 100 ಆಂಪ್ ಅವರ್‌ನ ಎಜಿಎಂ ಬ್ಯಾಟರಿ (ನೀರು ಹಾಕಬೇಕಿಲ್ಲದ, ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ) ಮತ್ತು ಒಂದು ಇನ್ವರ್ಟರ್ ಇಟ್ಟುಕೊಂಡಿದ್ದೇನೆ. ಡ್ರಿಲ್ಲು, ಗರಗಸದ 18 ವೋಲ್ಟ್ ಬ್ಯಾಟರಿಗಳು ಅದರಿಂದಲೇ ಚಾರ್ಜ್ ಆಗಬೇಕು. 5 ಆಂಪ್ ಅವರ್‌ನದು ಮೂರು ತುಂಬಿಸಿದರೆ, ದಾರಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿ, ದೊಡ್ಡ ಬ್ಯಾಟರಿಯಿಂದ ಸುಮಾರು 28 ಆಂಪ್ ಅವರ್ ಖಾಲಿ. ನನ್ನ ಒಂದು ದಿನದ ಲೆಕ್ಕ ಅಷ್ಟೇ.

ಹಳೇ ವ್ಯಾನಿನಲ್ಲಿ ಇದನ್ನು ತುಂಬಿಸಲು ಒಂದು ರಿಲೇ, ಅಂದರೆ ವೋಲ್ಟೇಜ್ ನೋಡಿ ತಾನೇ ಆನ್ ಆಫ್ ಆಗುವ ಸ್ವಿಚ್ಚು, ಸಾಕಾಗಿತ್ತು. ಎಂಜಿನ್ ಶುರುವಾಗಿ ವೋಲ್ಟೇಜ್ 13.3 ದಾಟಿದರೆ ಮುಂದಿನ ಎಂಜಿನ್ ಬ್ಯಾಟರಿಯನ್ನೂ ಹಿಂದಿನ ಬ್ಯಾಟರಿಯನ್ನೂ ಜೋಡಿಸುತ್ತಿತ್ತು, 12.8ಕ್ಕೆ ಇಳಿದರೆ ಬಿಡಿಸುತ್ತಿತ್ತು. ಅದನ್ನೇ ಬಿಚ್ಚಿ ಈಗಿನ ವ್ಯಾನಿಗೆ ಹಾಕಿದೆ. ಒಂದು ತಿಂಗಳಲ್ಲೇ ಇನ್ವರ್ಟರ್ ಮಧ್ಯಾಹ್ನಕ್ಕೆಲ್ಲ ಕೂಗಿಕೊಳ್ಳಲು ಶುರು ಮಾಡಿತು. ಬೆಳಗ್ಗೆ, ಏನನ್ನೂ ಹಚ್ಚುವ ಮೊದಲು, ಮಲ್ಟಿಮೀಟರ್ ಇಟ್ಟರೆ 12.2. ಅಂದರೆ ಅರ್ಧ ಬ್ಯಾಟರಿ.

ಬ್ಯಾಟರಿಯೇ ಹಾಳಾಗಿದೆ ಅಂದುಕೊಂಡೆ. ಹಾಗಿರಲಿಲ್ಲ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮೀಟರ್ ನೋಡುತ್ತಿರಲು ಹೇಳಿ ಒಂದು ಸುತ್ತು ಹೋಗಿ ಬಂದೆ. ಶುರುವಿನಲ್ಲಿ 14.4 ಇತ್ತು. ಕೆಲವೇ ನಿಮಿಷದಲ್ಲಿ 12.6ಕ್ಕೆ ಇಳಿಯಿತು, ಎಂಜಿನ್ ಓಡುತ್ತಲೇ ಇದೆ! ಇಳಿಜಾರಿನಲ್ಲಿ ಕಾಲು ತೆಗೆದರೆ 14.9. ಈಗಿನ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಎಂಜಿನ್ ಕಂಪ್ಯೂಟರ್ ಹೇಳಿದ ಹಾಗೆ ಕೇಳುತ್ತದೆ. ಎಂಜಿನ್ ಬ್ಯಾಟರಿ ತುಂಬಿದ ಮೇಲೆ ಇಂಧನ ಉಳಿಸಲು ವೋಲ್ಟೇಜ್ ಇಳಿಸಿಬಿಡುತ್ತದೆ. ಹಿಂದೆ ಇನ್ನೊಂದು ಬ್ಯಾಟರಿ ಕಾಯುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. 12.6ರಲ್ಲಿ ರಿಲೇ ತಾನೇ ಏನು ಮಾಡೀತು?

ಆಗ ತಂದಿದ್ದು ಈ 30 ಆಂಪ್ ಡಿಸಿ-ಡಿಸಿ ಚಾರ್ಜರ್. ಒಳಗೆ ಬರುವುದು 12.6 ಇರಲಿ, 14.9 ಇರಲಿ, ಹೊರಗೆ ಎಜಿಎಂಗೆ ಬೇಕಾದಷ್ಟನ್ನೇ ಕೊಡುತ್ತದೆ. ನನ್ನದರಲ್ಲಿ 14.4ಕ್ಕೆ ಇಟ್ಟಿದ್ದೇನೆ. ಬೆಳಗ್ಗೆ 35 ನಿಮಿಷ, ಸಂಜೆ 35 ನಿಮಿಷ ಓಡಿಸುತ್ತೇನೆ. ಅಷ್ಟರಲ್ಲಿ ಹೆಚ್ಚೆಂದರೆ 35 ಆಂಪ್ ಅವರ್ ಒಳಗೆ ಹೋಗುತ್ತದೆ. ನನ್ನ 28ಕ್ಕೆ ಅದು ಸರಿಹೋಗುತ್ತದೆ. ಈಗ ಮಧ್ಯಾಹ್ನ ಇನ್ವರ್ಟರ್ ಕೂಗುವುದಿಲ್ಲ. ಇದೊಂದಕ್ಕೇ ನಾನು ಈ ಪೆಟ್ಟಿಗೆಯನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಮೊದಲ ವಾರ ನನಗೆ ಸಮಾಧಾನ ಇರಲಿಲ್ಲ, ಅದಕ್ಕೆ ಕಾರಣ ವೈರು. ಕೈಯಲ್ಲಿದ್ದ 6 ಚದರ ಮಿಲಿಮೀಟರ್ ವೈರನ್ನೇ ಎಳೆದಿದ್ದೆ. ಮುಂದಿನಿಂದ ಹಿಂದಕ್ಕೆ 5 ಮೀಟರ್, ವಾಪಸ್ 5 ಮೀಟರ್. ಹೊರಗೆ 30 ಆಂಪ್ ಕೊಡಬೇಕಾದರೆ ಈ ಚಾರ್ಜರ್ ಒಳಗೆ 35ಕ್ಕಿಂತ ಜಾಸ್ತಿಯೇ ಎಳೆಯುತ್ತದೆ. ಆ ವೈರಿನಲ್ಲಿ ಒಂದು ವೋಲ್ಟ್ ಪೂರ್ತಿ ಕಳೆದುಹೋಗುತ್ತಿತ್ತು, ವೈರು ಕೈಗೆ ಬಿಸಿ ತಾಗುತ್ತಿತ್ತು. 16ಕ್ಕೆ ಬದಲಾಯಿಸಿದೆ. ಈಗ ಕಳೆಯುವುದು 0.4 ವೋಲ್ಟ್‌ನಷ್ಟು. ಎರಡೂ ಬ್ಯಾಟರಿಗಳ ಹತ್ತಿರ, ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ, 60 ಆಂಪ್ ಫ್ಯೂಸ್ ಹಾಕಿದ್ದೇನೆ. ದಯವಿಟ್ಟು ಒಂದೇ ಕಡೆ ಹಾಕಿ ಬಿಡಬೇಡಿ. ಹಿಂದಿನ ವೈರು ತಗಡಿಗೆ ಉಜ್ಜಿ ಸಿಪ್ಪೆ ಹೋದರೆ ಮುಂದಿನ ಫ್ಯೂಸ್ ಏನೂ ಮಾಡಲಾರದು. ಹಿಂದಿನ ಬ್ಯಾಟರಿಯೇ ಬೆಂಕಿ ಹಚ್ಚಲು ಸಾಕು.

ಎಂಜಿನ್ ಓಡುತ್ತಿದೆಯಾ ಅಂತ ವೋಲ್ಟೇಜ್ ನೋಡಿ ತಾನೇ ತಿಳಿದುಕೊಳ್ಳುವ ವ್ಯವಸ್ಥೆ ಇದರಲ್ಲಿದೆ. ನನ್ನ ವ್ಯಾನಿನಲ್ಲಿ ಅದನ್ನು ನಂಬುವಂತಿಲ್ಲ. 12.6 ಕಂಡ ಕೂಡಲೇ ಎಂಜಿನ್ ನಿಂತಿದೆ ಅಂದುಕೊಂಡು ಚಾರ್ಜಿಂಗ್ ನಿಲ್ಲಿಸುತ್ತಿತ್ತು. ಇಗ್ನಿಷನ್‌ನಿಂದ ಒಂದು ಸಣ್ಣ ವೈರು ತಂದು ಕೊಟ್ಟ ಮೇಲೆ ಸರಿಯಾಯಿತು. ಆದರೆ ಈಗ ಕೀ ಆನ್ ಮಾಡಿ ಎಂಜಿನ್ ಶುರು ಮಾಡದೆ ಸುಮ್ನೆ ಕೂತರೆ ಮುಂದಿನ ಬ್ಯಾಟರಿ ಖಾಲಿಯಾಗುತ್ತದೆ, ಅದು ನೆನಪಿರಬೇಕು.

ಬಿಸಿ ಇದರ ದೊಡ್ಡ ಕೊರತೆ. ಮೊದಲು ಇದನ್ನು ಪ್ಲೈವುಡ್ ಕಪಾಟಿನೊಳಗೆ ಕೂರಿಸಿದ್ದೆ. ಬಿಸಿಲಿನ ದಿನ 30 ಇದ್ದದ್ದು 20 ಆಂಪ್‌ಗೆ ಇಳಿಯುತ್ತಿತ್ತು. ತಾನು ಸುಟ್ಟುಹೋಗದಿರಲು ಹಾಗೆ ಮಾಡುತ್ತದೆ, ಸರಿ. ಆದರೆ ಒಂದು ಫ್ಯಾನ್ ಇಡಬಹುದಿತ್ತಲ್ವಾ? ಕೊನೆಗೆ ಡ್ರೈವರ್ ಸೀಟಿನ ಹಿಂದಿನ ತಗಡಿಗೆ, ಬಿಸಿ ಹೊರಹಾಕುವ ಅದರ ಲೋಹದ ರೆಕ್ಕೆಗಳು ಮೇಲೆ ಕೆಳಗೆ ಬರುವಂತೆ, ಗಾಳಿ ಆಡಲು ಜಾಗ ಬಿಟ್ಟು ಕೂರಿಸಿದೆ. ಆಮೇಲೆ ಅಷ್ಟು ಇಳಿದಿಲ್ಲ.

ಇನ್ನೊಂದು ವಿಷಯ ಚಾರ್ಜರ್‌ನ ತಪ್ಪಲ್ಲ, ಆದರೂ ತಿಳಿದಿರಲಿ. ಎಜಿಎಂ ಆಗಲಿ ಬೇರೆ ಲೆಡ್ ಆಸಿಡ್ ಆಗಲಿ, ಮುಕ್ಕಾಲು ತುಂಬಿದ ಮೇಲೆ ನಿಧಾನವಾಗಿ ಕುಡಿಯುತ್ತದೆ. ಕೊನೆಯ ಭಾಗಕ್ಕೆ ಗಂಟೆಗಟ್ಟಲೆ ಬೇಕು, 35 ನಿಮಿಷದ ಓಟ ಎಲ್ಲಿ ಸಾಕು? ಪೂರ್ತಿ ತುಂಬದೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳು ಸಲ್ಫೇಟ್ ಕಟ್ಟಿ ಬ್ಯಾಟರಿ ಸಾಯುತ್ತದೆ. ಹಾಗಾಗಿ ವಾರಕ್ಕೊಂದು ರಾತ್ರಿ ಮನೆಯ ಕರೆಂಟಿನಲ್ಲಿ ಹಾಕಿಡುತ್ತೇನೆ. ಮರುದಿನ ಬೆಳಗ್ಗೆ ಮೀಟರ್ 12.7 ತೋರಿಸುತ್ತದೆ.

ನಿಮ್ಮದು ಹಳೇ ವ್ಯಾನಾಗಿದ್ದು, ಓಡುವಾಗ ಪೂರ್ತಿ ಹೊತ್ತು 14ರ ಮೇಲೆಯೇ ಇದ್ದರೆ ಇದನ್ನು ಕೊಳ್ಳಬೇಡಿ. ರಿಲೇ ಮತ್ತು ದಪ್ಪ ವೈರು ಸಾಕು. ಮೊದಲು ಮೀಟರ್ ಹಿಡಿದು ಒಂದರ್ಧ ಗಂಟೆ ಓಡಿಸಿ ನೋಡಿ.